ಮುಂದಿನ ಚಕ್ರ ಎದ್ದ ಪ್ರಕರಣ

ಬಡ್ತಿ ಸಿಕ್ಕ ಮನುಷ್ಯನಿಗೆ ಸಂಬಳ ಏರುವ ಮೊದಲು ಕತ್ತು ಏರುತ್ತದೆ. ನೀರು ಸರಬರಾಜು ಕಚೇರಿಯಲ್ಲಿ ಅರ್ಧ ಆಯುಷ್ಯವನ್ನು ಕಡತಗಳ ಮೇಲೆ ಬಗ್ಗಿಯೇ ಕಳೆದಿದ್ದ ಗುಮಾಸ್ತರೊಬ್ಬರು ಹೆಡ್ ಕ್ಲಾರ್ಕ್ ಆದ ದಿನ ಅವರ ಕತ್ತೂ ಏರಿತು, ಬೆನ್ನೂ ನೆಟ್ಟಗಾಯಿತು. ಬೀದಿಯವರು ಅಂದಿನಿಂದ ಅವರನ್ನು ಹೆಡ್ ಕ್ಲಾರ್ಕರು ಎಂದೇ ಕರೆಯತೊಡಗಿದರು. ನಾವೂ ಹಾಗೇ ಕರೆಯೋಣ. ನಮ್ಮ ಗಂಟೇನೂ ಹೋಗುವುದಿಲ್ಲ, ಅವರಿಗೂ ಸಂತೋಷವಾಗುತ್ತದೆ.

ಬೆನ್ನು ನೆಟ್ಟಗಾದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಸೈಕಲ್ಲು. ಹಳೆಯ ಸೈಕಲ್ಲಿನ ಹ್ಯಾಂಡಲ್ಲು ತಗ್ಗು. ಅದನ್ನು ಓಡಿಸಬೇಕಾದರೆ ಬಗ್ಗಲೇಬೇಕು. ಕೈಕೆಳಗೆ ನಾಲ್ಕು ಜನ ಗುಮಾಸ್ತರಿರುವ ಮನುಷ್ಯ ಬೆಳಗ್ಗೆ ಪೇಪರ್ ಹಾಕುವವನ ಹಾಗೆ ಬಗ್ಗಿಕೊಂಡು ಕಚೇರಿಗೆ ಹೋದರೆ ಸರಕಾರದ ಮರ್ಯಾದೆ ಏನಾಗಬೇಕು? ಈ ಚಿಂತೆ ಸರಕಾರಕ್ಕೆ ಬಂದಿರಲಿಲ್ಲ, ಅವರಿಗೆ ಬಂತು. ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಲು ಅಂಗಡಿಗೆ ಹೋದರು.

ಸೈಕಲ್ ಅಂಗಡಿಯವನು ಗಿರಾಕಿಯ ನಿಲುವನ್ನು ಒಮ್ಮೆ ನೋಡಿ, ವರ್ಷಗಳಿಂದ ಯಾರೂ ಕೊಳ್ಳದೆ ಮೂಲೆ ಹಿಡಿದಿದ್ದ ಒಂದನ್ನು ಹೊರಗೆಳೆದ. ಅದರ ಹ್ಯಾಂಡಲ್ಲು ಎದೆಮಟ್ಟಕ್ಕೆ ಎದ್ದು ನಿಂತಿತ್ತು. ಸೀಟಿನ ಕಂಬ ಹಿಂದಕ್ಕೆ ಎಷ್ಟು ವಾಲಿತ್ತೆಂದರೆ ಸೀಟು ಹಿಂದಿನ ಚಕ್ರದ ನೆತ್ತಿಯ ಮೇಲೇ ಬಂದು ಕೂತಂತಿತ್ತು. ಸೀಟೇ ಅಲ್ಲಿಗೆ ಬಂದ ಮೇಲೆ ಕ್ಯಾರಿಯರ್ ಎಲ್ಲಿಗೆ ಹೋಗಬೇಕು ಪಾಪ? ಅದು ಚಕ್ರದ ಅಚ್ಚನ್ನೂ ದಾಟಿ ಬಾಲದ ಹಾಗೆ ಹಿಂದಕ್ಕೆ ಚಾಚಿಕೊಂಡಿತ್ತು.

"ಸಾರ್, ಇದರ ಮೇಲೆ ಕೂತ್ರೆ ಸೈಕಲ್ ಮೇಲೆ ಕೂತ ಹಾಗಿರಲ್ಲ, ಕುರ್ಚಿ ಮೇಲೆ ಕೂತ ಹಾಗಿರುತ್ತೆ" ಅಂದ ಅಂಗಡಿಯವನು.

ಕುರ್ಚಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೆಡ್ ಕ್ಲಾರ್ಕರು ಬ್ರೇಕನ್ನೂ ನೋಡಲಿಲ್ಲ, ಬೆಲ್ಲನ್ನೂ ಬಾರಿಸಲಿಲ್ಲ. ಸೀಟನ್ನು ಇನ್ನೊಂದು ಬೆರಳಿನಷ್ಟು ಹಿಂದಕ್ಕೆ ಸರಿಸಲು ಸಾಧ್ಯವೇ ಎಂದು ಮಾತ್ರ ಕೇಳಿದರು. ಸಾಧ್ಯವಿತ್ತು.

ಅವರ ಹೆಂಡತಿ ಸೇತುವೆಯಾಚೆಯ ಹೊಲಿಗೆ ಅಂಗಡಿಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಮದುವೆಯಾದಾಗಿನಿಂದ ಬೆಳಗ್ಗೆ ಗಂಡನ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕೂತು ಹೋಗುವುದು ಅವರ ರೂಢಿ. ದಿನವಿಡೀ ಮೆಷಿನ್ ತುಳಿದು ನೋಯುವ ಮಂಡಿಗೆ ಅದೊಂದು ಬಿಡುವು. ಅಲ್ಲದೆ, ಗಂಡ ಹೆಂಡತಿ ಯಾರ ಅಡ್ಡಿಯೂ ಇಲ್ಲದೆ ಮಾತಾಡುತ್ತಿದ್ದದ್ದೂ ಆ ದಾರಿಯಲ್ಲಿಯೇ. ಮನೆಯಲ್ಲಿ ಅವರು ಮಾತಾಡಿದರೆ ಸಾಮಾನಿನ ಮಾತು; ಸೈಕಲ್ ಮೇಲೆ ಮಾತಾಡಿದರೆ ಮಾತು.

ಹೊಸ ಸೈಕಲ್ಲಿನ ಮೊದಲ ಬೆಳಗ್ಗೆ ಆಕೆ ಎಂದಿನಂತೆ ಹಿಂದೆ ಕೂತರು. ಹೆಡ್ ಕ್ಲಾರ್ಕರು ಸಿಂಹಾಸನವೇರಿದಂತೆ ಏರಿ, ಎದೆ ಮುಂದೆ ಮಾಡಿ ಹೊರಟರು. ಸಪಾಟು ರಸ್ತೆಯಲ್ಲಿ ಎಲ್ಲ ಸುಸೂತ್ರ. ಸೇತುವೆಯ ಏರು ಶುರುವಾಯಿತು. ಹೆಡ್ ಕ್ಲಾರ್ಕರು ಹ್ಯಾಂಡಲ್ಲನ್ನು ಎಳೆದು ಹಿಡಿದು ಪೆಡಲ್ ತುಳಿದದ್ದೇ ತಡ, ಮುಂದಿನ ಚಕ್ರ ಕುದುರೆಯ ಹಾಗೆ ಮೇಲೆದ್ದಿತು. ಹೆಂಡತಿ ಕ್ಯಾರಿಯರ್‌ನಿಂದ ಜಾರಿ ರಸ್ತೆಯ ಮೇಲೆ ಕೂತರು. ಪೆಟ್ಟೇನೂ ಆಗಲಿಲ್ಲ. ಆದರೆ ಸೇತುವೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ತರಕಾರಿಯವನು ಹಲ್ಲು ಕಿರಿದು ಒಂದು ಮಾತು ಅಂದ.

"ಅಮ್ಮಾವ್ರ ಭಾರಕ್ಕೆ ಸೈಕಲ್ಲೇ ಎದ್ದುಬಿಡ್ತಲ್ಲಪ್ಪಾ!"

ನಿಂತವರೆಲ್ಲ ನಕ್ಕರು. ಹೆಂಡತಿ ಎದ್ದು ಬಟ್ಟೆಯ ಧೂಳು ಕೊಡವಿಕೊಂಡರು. "ನೀವು ಹೋಗಿ, ನಾನು ನಡೆದು ಬರ್ತೀನಿ" ಎಂದರು. ಅಂದಿನಿಂದ ದಿನವೂ ನಡೆದೇ ಹೋದರು. ಅಷ್ಟೇ ಆಗಿದ್ದರೆ ಹೆಡ್ ಕ್ಲಾರ್ಕರು ಸುಮ್ಮನಿರುತ್ತಿದ್ದರೋ ಏನೋ. ಅಂದು ಊಟಕ್ಕೆ ಕೂತಾಗ ಹೆಂಡತಿ ತಟ್ಟೆಗೆ ಅರ್ಧವೇ ಬಡಿಸಿಕೊಂಡರು. ಯಾಕೆ ಎಂದರೆ "ಹಸಿವಿಲ್ಲ" ಎಂದರು. ಮರುದಿನವೂ ಹಸಿವಿಲ್ಲ. ವಾರವಾದರೂ ಹಸಿವು ಹುಟ್ಟಲಿಲ್ಲ. ಮಧ್ಯಾಹ್ನದ ಡಬ್ಬಿ ಮುಕ್ಕಾಲು ಪಾಲು ಹಾಗೇ ವಾಪಸು ಬರುತ್ತಿತ್ತು. ಅರೆಹೊಟ್ಟೆಯಲ್ಲಿ, ನೋಯುವ ಮಂಡಿಯಲ್ಲಿ ಸೇತುವೆ ಹತ್ತಿ ಹೋಗುವ ಹೆಂಡತಿಯ ಬೆನ್ನನ್ನು ನೋಡಿ ಹೆಡ್ ಕ್ಲಾರ್ಕರ ಕರುಳು ಚುರುಕ್ಕೆಂದಿತು. ಗತ್ತಿನ ಮನುಷ್ಯ ನಿಜ, ಕಲ್ಲು ಮನುಷ್ಯ ಅಲ್ಲ.

"ನೀನೇನು ದಪ್ಪ ಇಲ್ವೇ" ಎಂದು ಒಮ್ಮೆ ಹೇಳಿಯೂ ನೋಡಿದರು. ಲೋಕದಲ್ಲಿ ಯಾವ ಹೆಂಡತಿಯೂ ಈ ಮಾತನ್ನು ನಂಬಿಲ್ಲ. ಇವರೂ ನಂಬಲಿಲ್ಲ. ಇನ್ನು ಪುರಾವೆ ಬೇಕು ಎಂದು ಹೆಡ್ ಕ್ಲಾರ್ಕರು ನಿಶ್ಚಯಿಸಿದರು.

ಪುರಾವೆಗಾಗಿ ಅವರು ಹೋದದ್ದು ಎದುರು ಮನೆಯ ವಿಜ್ಞಾನದ ಮೇಷ್ಟ್ರ ಹತ್ತಿರ. ಮೇಷ್ಟ್ರು ನಿವೃತ್ತರಾಗಿದ್ದರು, ಆದರೆ ಅವರ ಪಾಠ ನಿವೃತ್ತವಾಗಿರಲಿಲ್ಲ. ಕೇಳುವವರೊಬ್ಬರು ತಾವಾಗಿ ಮನೆಗೆ ಬಂದದ್ದು ಕಂಡು ಅವರ ಕಣ್ಣು ತುಂಬಿತು. ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು ಸ್ವಂತ ಕಾಂಪೌಂಡ್ ಗೋಡೆಯ ಮೇಲೇ ಎರಡು ಚಕ್ರ ಬರೆದರು.

"ನೋಡಿ, ಎರಡು ಚಕ್ರದ ನಡುವೆ ಬಿದ್ದ ಭಾರವನ್ನ ಎರಡೂ ಹಂಚ್ಕೊಳ್ತವೆ. ಯಾವುದಕ್ಕೆ ಹತ್ತಿರ ಬೀಳುತ್ತೋ ಅದಕ್ಕೆ ಜಾಸ್ತಿ ಪಾಲು. ಆದ್ರೆ ಹಿಂದಿನ ಅಚ್ಚು ದಾಟಿ ಆಚೆ ಬಿತ್ತು ಅನ್ನಿ, ಆಗ ಹಿಂದಿನ ಚಕ್ರ ಎಲ್ಲಾನೂ ಹೊರಬೇಕು. ಅಷ್ಟೇ ಅಲ್ಲ, ಅದು ಮುಂದಿನ ಚಕ್ರವನ್ನ ಮೇಲಕ್ಕೆ ಮೀಟುತ್ತೆ. ಪಾರ್ಕಲ್ಲಿ ಮಕ್ಕಳು ಆಡೋ ಸೀಸಾ ಇದೆಯಲ್ಲ, ಹಾಗೆ."

"ಅಂದ್ರೆ ಕೂತವರು ದಪ್ಪನೋ ಸಣ್ಣನೋ ಮುಖ್ಯ ಅಲ್ಲ. ಎಲ್ಲಿ ಕೂತಿದ್ದಾರೆ ಅನ್ನೋದು ಮುಖ್ಯ."

"ನೂರಕ್ಕೆ ನೂರು!"

"ಅಂದ್ರೆ ತಪ್ಪು ಫ್ರೇಮಿಂದು!"

ಮೇಷ್ಟ್ರು ಸುಣ್ಣದ ಕಡ್ಡಿ ಎತ್ತಿ ಎಚ್ಚರಿಸಿದರು. "ಅವಸರ ಬೇಡ. ತೂಗಿ ನೋಡಬೇಕು. ಒಂದೊಂದು ಚಕ್ರದ ಕೆಳಗೆ ಒಂದೊಂದು ತಕ್ಕಡಿ ಇಟ್ಟು, ಭಾರ ಎಲ್ಲೆಲ್ಲಿ ಎಷ್ಟೆಷ್ಟು ಬೀಳುತ್ತೆ ಅಂತ ಅಳೀಬೇಕು. ವಿಜ್ಞಾನದಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ."

ಬಾಯಿಮಾತಿಗೆ ಕಚೇರಿಯಲ್ಲೂ ಬೆಲೆ ಇರಲಿಲ್ಲವಾದ್ದರಿಂದ ಹೆಡ್ ಕ್ಲಾರ್ಕರಿಗೆ ಇದು ತಕ್ಷಣ ಒಪ್ಪಿಗೆಯಾಯಿತು. ಅವರು ಎಡವಿದ್ದು ಇಲ್ಲಿಯೇ. ಕಡತ ಪೂರ್ತಿಯಾಗುವ ತನಕ ಅದರ ವಿಷಯ ಯಾರೊಂದಿಗೂ ಆಡಬಾರದು ಎಂಬುದು ಕಚೇರಿಯಲ್ಲಿ ಅವರು ಒಮ್ಮೆಯೂ ಮುರಿಯದ ನಿಯಮ. ಅದನ್ನೇ ಸಂಸಾರಕ್ಕೂ ಅನ್ವಯಿಸಿದರು. ಎಲ್ಲ ಸಾಬೀತಾದ ಮೇಲೆ ಹೆಂಡತಿಯ ಮುಂದಿಡೋಣ, ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನಬಾರದು ಎಂದುಕೊಂಡರು. ಒಳ್ಳೆಯ ಕೆಲಸವನ್ನು ಗುಟ್ಟಾಗಿ ಮಾಡಬೇಕೆನ್ನುತ್ತಾರೆ. ಹಾಗೆ ಹೇಳಿದವರಿಗೆ ಮದುವೆಯಾಗಿರಲಿಲ್ಲ ಎಂದು ಕಾಣುತ್ತದೆ.

ಮರುದಿನ ಬೆಳಗ್ಗೆ ತಿಂಡಿ ಹೊತ್ತಿಗೆ ಅವರು ಗಂಟಲು ಸರಿಮಾಡಿಕೊಂಡು, "ಏನೇ, ನೀನು ಎಷ್ಟು ತೂಕ ಇರಬಹುದು?" ಎಂದು ಕೇಳಿದರು.

ಹೆಂಡತಿ ಬಾಯಿಯ ಹತ್ತಿರ ಒಯ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟರು. "ಯಾಕೆ?"

"ಯಾಕೂ ಇಲ್ಲ. ಸುಮ್ಮನೆ."

ಸುಮ್ಮನೆ ಎಂದು ಕೇಳಬಹುದಾದ ಪ್ರಶ್ನೆಗಳು ಲೋಕದಲ್ಲಿ ಎಷ್ಟೋ ಇವೆ. ಇದು ಅವುಗಳಲ್ಲಿ ಒಂದಲ್ಲ. ಆಕೆ ಎದ್ದು ಕೈ ತೊಳೆದರು. ಆ ದಿನ ಡಬ್ಬಿಯನ್ನೇ ಒಯ್ಯಲಿಲ್ಲ.

ಇನ್ನು ಕೇಳಿ ಪ್ರಯೋಜನವಿಲ್ಲವೆಂದು ಹೆಡ್ ಕ್ಲಾರ್ಕರು ಬೇರೆ ದಾರಿ ಹಿಡಿದರು. ಹೆಂಡತಿಯಷ್ಟೇ ಭಾರದ ಮೂಟೆಯೊಂದನ್ನು ಕ್ಯಾರಿಯರ್ ಮೇಲಿಟ್ಟು ಓಡಿಸಿ ನೋಡಿದರೆ ಆಯಿತಲ್ಲ? ಸಂಜೆ ಬೀದಿಯ ಕೊನೆಯ ಕಿರಾಣಿ ಅಂಗಡಿಗೆ ಹೋದರು. ಅಂಗಡಿಯ ಯಜಮಾನರು ಒಳ್ಳೆಯವರು, ಆದರೆ ಅವರ ದನಿ ಮಾತ್ರ ಆಟದ ಮೈದಾನಕ್ಕೆಂದು ಮಾಡಿದ್ದು.

"ಒಂದು ಮೂಟೆ ಬೇಕಾಗಿತ್ತು. ಎರಡು ದಿನ ಇಟ್ಕೊಂಡು ಹಾಗೇ ವಾಪಸ್ ತಂದ್ಕೊಡ್ತೀನಿ" ಎಂದರು ಹೆಡ್ ಕ್ಲಾರ್ಕರು.

"ಅದಕ್ಕೇನಂತೆ ಸಾರ್. ಎಷ್ಟು ತೂಕದ್ದು?"

ಹೆಡ್ ಕ್ಲಾರ್ಕರು ಅತ್ತ ಇತ್ತ ನೋಡಿ, ಗಲ್ಲಾದ ಮೇಲೆ ಬಾಗಿ, ಪಿಸುಮಾತಿನಲ್ಲಿ ಹೇಳಿದರು. "ನಮ್ಮ ಮನೆಯವಳಷ್ಟು."

"ಅಮ್ಮಾವ್ರಷ್ಟಾ?" ಯಜಮಾನರ ದನಿ ಬಸ್ ನಿಲ್ದಾಣದವರೆಗೆ ಹೋಯಿತು. "ಅಮ್ಮಾವ್ರು ಎಷ್ಟಿದ್ದಾರೆ ಸಾರ್?"

"ಅದೇ ಗೊತ್ತಿಲ್ಲ. ಕೇಳಿದ್ದಕ್ಕೆ ಮಾತು ಬಿಟ್ಟಿದ್ದಾಳೆ."

ಯಜಮಾನರಿಗೆ ತಕ್ಕಡಿ ಮುಟ್ಟದೆ ಬರೀ ಕಣ್ಣಲ್ಲೇ ತೂಕ ಹೇಳುವ ಹೆಮ್ಮೆಯೊಂದಿತ್ತು. ಅವರು ಒಂದು ಕಣ್ಣು ಮುಚ್ಚಿ ಯೋಚಿಸಿ "ಅರವತ್ತೈದು" ಎಂದರು. ಅಂಗಡಿಯಲ್ಲಿ ಸಾಮಾನಿಗೆ ಬಂದವರು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ.

"ಅರವತ್ತೈದೆಲ್ಲಿ ಬಂತು? ಐವತ್ತೈದಕ್ಕಿಂತ ಒಂದು ಗ್ರಾಂ ಜಾಸ್ತಿ ಇಲ್ಲ" ಎಂದರು ಹಾಲಿನಾಕೆ. ಹಾಲಿನಾಕೆಗೆ ಎಲ್ಲವನ್ನೂ ಸ್ವಲ್ಪ ಕಡಿಮೆ ಅಳೆಯುವುದು ರೂಢಿ.

"ನಮ್ಮ ಬಸ್ಸಲ್ಲಿ ದಿನಾ ಜನ ನೋಡ್ತೀನಿ ನಾನು. ಎಪ್ಪತ್ತು!" ಎಂದ ಕಂಡಕ್ಟರ್.

"ಏನ್ರೀ, ಮುತ್ತಿನಂಥ ಹೆಂಗಸಿಗೆ ಎಪ್ಪತ್ತು ಅಂತೀರಲ್ಲ, ನಾಚಿಕೆ ಆಗಲ್ವಾ?"

"ಮುತ್ತು ತೂಕ ಇರಲ್ವೇನಮ್ಮ?"

ಹರಾಜು ಏರಿತು, ಇಳಿಯಿತು, ಮತ್ತೆ ಏರಿತು. ಕೊನೆಗೆ ಎಲ್ಲರೂ ಸೇರಿ ಅರವತ್ತೆರಡಕ್ಕೆ ಒಪ್ಪಿಕೊಂಡರು. ಒಂದು ಸದ್ಗೃಹಿಣಿಯ ತೂಕ ಹೀಗೆ ಆಕೆಯ ಗೈರುಹಾಜರಿಯಲ್ಲಿ ಬಹುಮತದಿಂದ ಅಂಗೀಕಾರವಾಯಿತು.

"ಆಲೂಗಡ್ಡೆ ತುಂಬ್ಲಾ ಸಾರ್, ಈರುಳ್ಳಿ ತುಂಬ್ಲಾ?"

ಹೆಡ್ ಕ್ಲಾರ್ಕರು ಗಂಭೀರವಾಗಿ ಯೋಚಿಸಿದರು. "ಯಾವುದು ಸ್ವಲ್ಪ ಗೌರವವಾಗಿರುತ್ತೆ?"

"ಆಲೂಗಡ್ಡೆ ಸಾರ್. ಈರುಳ್ಳಿ ಆದ್ರೆ ಅಮ್ಮಾವ್ರ ಕಣ್ಣಲ್ಲಿ ನೀರು ಬರುತ್ತೆ."

ಆಲೂಗಡ್ಡೆ ಮೂಟೆಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೆಡ್ ಕ್ಲಾರ್ಕರು ಸಂಜೆಯ ಬೆಳಕಲ್ಲಿ ಸೇತುವೆಯ ಕಡೆ ಹೊರಟರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. "ಅಮ್ಮಾವ್ರು ಚೆನ್ನಾಗಿದ್ದಾರಾ ಸಾರ್?" ಎಂದು ಯಾರೋ ಮೂಟೆಯನ್ನು ನೋಡಿ ಕೇಳಿದರು. ಸಂಶೋಧನೆಯಲ್ಲಿ ಮುಳುಗಿದವರಿಗೆ ಇಂಥದು ಕೇಳಿಸುವುದಿಲ್ಲ. ಏರು ಬಂದಾಗ ಅವರ ಬಾಯಿಂದ ವರ್ಷಗಳ ಅಭ್ಯಾಸದ ಮಾತು ತಾನಾಗಿ ಹೊರಬಿತ್ತು. "ಗಟ್ಟಿಯಾಗಿ ಹಿಡ್ಕೊಳೇ."

ಮೂಟೆ ಹಿಡಿದುಕೊಳ್ಳಲಿಲ್ಲ. ಮುಂದಿನ ಚಕ್ರ ಎದ್ದಿತು, ಮೂಟೆ ಜಾರಿ ಬಿದ್ದು ಬಾಯಿ ಬಿಚ್ಚಿತು, ಆಲೂಗಡ್ಡೆಗಳು ಸೇತುವೆಯ ಇಳಿಜಾರಿನಲ್ಲಿ ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದವು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಹೆಡ್ ಕ್ಲಾರ್ಕರು ರಸ್ತೆಯ ಮಧ್ಯೆ ನಿಂತು ಎರಡೂ ಕೈ ಮೇಲೆತ್ತಿ ಕೂಗಿದರು. "ಬಿತ್ತು! ಮೂಟೆನೂ ಬಿತ್ತು!"

ಅದೇ ಹೊತ್ತಿಗೆ ಆ ದಾರಿಯಲ್ಲಿ ಒಂದು ಕಾರು ನಿಂತಿತು. ಒಳಗಿದ್ದವರು ಹೆಡ್ ಕ್ಲಾರ್ಕರ ಮೇಲಧಿಕಾರಿ, ಕಚೇರಿಯ ಸಾಹೇಬರು. ಅವರು ಗಾಜು ಇಳಿಸಲಿಲ್ಲ, ಹಾರ್ನ್ ಮಾಡಲಿಲ್ಲ. ಆಲೂಗಡ್ಡೆ ಓಡಿ ಮುಗಿಯುವ ತನಕ ಕಾದು, ಮೆಲ್ಲಗೆ ಹೋದರು.

ಮರುದಿನ ಸಾಹೇಬರು ಅವರನ್ನು ಒಳಗೆ ಕರೆದು, ಎಂದೂ ಹೇಳದವರು ಅಂದು ಕೂರಲು ಹೇಳಿದರು.

"ನೋಡಿ, ಬಡ್ತಿ ಬಂದಾಗ ಕೆಲವರಿಗೆ ತಡ್ಕೊಳ್ಳೋಕಾಗಲ್ಲ. ಭಾರ ಜಾಸ್ತಿ ಆಯ್ತೇನ್ರೀ?"

"ಭಾರದ ಪ್ರಶ್ನೆನೇ ಅಲ್ಲ ಸಾರ್" ಎಂದರು ಹೆಡ್ ಕ್ಲಾರ್ಕರು ಉತ್ಸಾಹದಿಂದ. "ಭಾರ ಎಲ್ಲಿ ಬೀಳುತ್ತೆ ಅನ್ನೋದು ಪ್ರಶ್ನೆ. ಮೂಟೆನೂ ಬಿತ್ತು ಅಂದ್ಮೇಲೆ ನನ್ನ ಹೆಂಡತಿ ತಪ್ಪೇನಿದೆ ಹೇಳಿ."

ಸಾಹೇಬರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವರ ಕಡೆ ತಳ್ಳಿದರು. ಪೇಪರ್ ಕತ್ತರಿಸುವ ಕತ್ತರಿಯನ್ನು ಮಾತ್ರ ತಮ್ಮ ಕಡೆಗೆ ಎಳೆದುಕೊಂಡರು. "ಎರಡು ದಿನ ರಜೆ ತಗೊಳ್ಳಿ" ಎಂದರು. "ಮೂಟೆ ಜೊತೆ ಮಾತಾಡೋದು ಬಿಟ್ಟು ಮನೆಯವರ ಜೊತೆ ಮಾತಾಡಿ."

ಇದು ಚಿನ್ನದಂಥ ಸಲಹೆ. ಆದರೆ ಕೇಳಿಸಿಕೊಳ್ಳುವಷ್ಟರಲ್ಲಿ ಕಾಲ ಮೀರಿತ್ತು. ಹೊಲಿಗೆ ಅಂಗಡಿಗೆ ಸುದ್ದಿ ಮುಟ್ಟಿತ್ತು. ಅದೂ ಬರಿಗೈಯಲ್ಲಿ ಮುಟ್ಟಿರಲಿಲ್ಲ, ಉಪ್ಪು ಖಾರ ಹಚ್ಚಿಕೊಂಡು ಮುಟ್ಟಿತ್ತು. ಸಂಜೆ ಮನೆಗೆ ಬಂದ ಹೆಂಡತಿ ಚೀಲ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ನಾನು ಆಲೂಗಡ್ಡೆ ಮೂಟೆ ಬಿದ್ದ ಹಾಗೇ ಬಿದ್ದೆ ಅಂತ ಊರಿಗೆಲ್ಲ ತೋರಿಸಿದ್ರಾ?"

"ಅಯ್ಯೋ, ಅದಲ್ವೇ. ಇನ್ನೊಂದು ಪರೀಕ್ಷೆ ಬಾಕಿ ಇದೆ. ಅದಾದ ಮೇಲೆ ಎಲ್ಲಾ ಹೇಳ್ತೀನಿ."

"ಇನ್ನೂ ಒಂದು ಬಾಕಿ ಇದೆಯಾ?" ಎಂದು ಆಕೆ ಒಳಗೆ ಹೋಗಿ ತಾಯಿಗೆ ಫೋನ್ ಮಾಡಿದರು. ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಬಡಿಸಿದ ತಟ್ಟೆಗಳೆರಡು ಒಂದನ್ನೊಂದು ನೋಡುತ್ತ ಕೂತಿದ್ದವು.

ಭಾನುವಾರ ಹೆಡ್ ಕ್ಲಾರ್ಕರು ಮನೆಯ ಮುಂದಿನ ಅಂಗಳದಲ್ಲಿ ಕೊನೆಯ ಪರೀಕ್ಷೆಗೆ ಸಿದ್ಧತೆ ಮಾಡಿದರು. ಹಿಂದಿನ ಚಕ್ರದ ಕೆಳಗೆ ಕಿರಾಣಿ ಅಂಗಡಿಯ ದೊಡ್ಡ ತೂಕದ ಯಂತ್ರ. ಮುಂದಿನ ಚಕ್ರದ ಕೆಳಗೆ, ಇಟ್ಟಿಗೆ ಜೋಡಿಸಿ ಸಮ ಮಾಡಿ, ಔಷಧ ಅಂಗಡಿಯವರಿಂದ ಕಡ ತಂದ, ಜನ ನಿಂತು ತೂಕ ನೋಡಿಕೊಳ್ಳುವ ಮುಳ್ಳಿನ ತಕ್ಕಡಿ. ಮೇಷ್ಟ್ರು ಕನ್ನಡಕ ಒರೆಸುತ್ತ ಹಾಜರಾದರು. ಕಿರಾಣಿ ಯಜಮಾನರು ತಮ್ಮ ಯಂತ್ರದ ಯೋಗಕ್ಷೇಮಕ್ಕೆಂದು ಬಂದರು. ಹಾಲಿನಾಕೆ, ಕಂಡಕ್ಟರ್ ತಮ್ಮ ತಮ್ಮ ಅಂದಾಜು ನಿಜವಾಗುವುದೇ ನೋಡಲು ಬಂದರು. ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತು, ಅದರಿಂದ ಅತ್ತೆ ಇಳಿದರು. ಅತ್ತೆ ಇಳಿದ ಮೇಲೆ ಆಟೋ ಒಂದು ಗೇಣು ಮೇಲೆದ್ದಿತು. ಹಿಂದೆಯೇ ಭಾವಮೈದುನ ಇಳಿದ.

ಅತ್ತೆ ಎರಡು ತಕ್ಕಡಿಗಳನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಅಳಿಯನನ್ನು ನೋಡಿದರು.

"ಏನು ಅಳಿಯಂದ್ರೇ, ನನ್ನ ಮಗಳನ್ನ ತಕ್ಕಡೀಲಿ ಹಾಕ್ತೀರಂತೆ? ಒಂದು ತಕ್ಕಡಿ ಸಾಲ್ದು ಅಂತ ಎರಡು ತಂದಿದ್ದೀರಾ?"

"ಹಾಗಲ್ಲ ಅತ್ತೆ, ಫ್ರೇಮಿಂದ ಭಾರ ಹೇಗೆ ಹಂಚಿಕೆ ಆಗುತ್ತೆ ಅಂತ..."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಸೈಕಲ್ ತುಳಿಯೋಕೆ ಬಾರದವರು ಹೆಂಡತಿ ಭಾರ ಅಂದ್ರಂತೆ! ನಮ್ಮ ಮನೇಲಿ ಯಾರೂ ಕಡ್ಡಿ ಥರ ಇರಲಿಲ್ಲಪ್ಪ. ಉಂಡು ತಿಂದು ಬೆಳೆದ ಮೈ ನಮ್ಮದು. ಹೆಣ್ಣು ನೋಡೋಕೆ ಬಂದಾಗ ನಿಮಗೆ ಕಣ್ಣು ಕಾಣ್ತಿರಲಿಲ್ವಾ?"

"ಭಾವ, ಹೇಳಿ ಭಾವ, ಏನು ನಿಮ್ಮ ಉದ್ದೇಶ?" ಎಂದ ಭಾವಮೈದುನ ತೋಳು ಮಡಿಸುತ್ತ. ಅವನು ಸಾಧು ಪ್ರಾಣಿ. ತಾಯಿ ಹೇಳಿದ್ದಕ್ಕೆ ತೋಳು ಮಡಿಸಿದ್ದ.

ಆಗ ಬಾಗಿಲಿಗೆ ಹೆಂಡತಿ ಬಂದರು. ಮುಖ ಬಾಡಿತ್ತು, ಕಣ್ಣಿನ ಕೆಳಗೆ ಕಪ್ಪು ಹತ್ತಿತ್ತು. ಆಕೆ ಯಾರನ್ನೂ ನೋಡದೆ ನೇರವಾಗಿ ಸೈಕಲ್ಲಿನ ಹತ್ತಿರ ಬಂದು ನಿಂತರು.

"ತೂಗಿಬಿಡಿ. ಎಷ್ಟು ಅಂತ ಎಲ್ರಿಗೂ ತಿಳೀಲಿ. ಗುಟ್ಟಲ್ಲಿ ಆಡ್ಕೊಳ್ಳೋದಾದ್ರೂ ನಿಲ್ಲುತ್ತೆ. ನಾನೂ ಊಟ ಬಿಟ್ಟು ನೋಡಿದೆ. ಇಷ್ಟರಲ್ಲಿ ಎಷ್ಟು ಇಳಿಯೋಕಾಗುತ್ತೆ ಹೇಳಿ" ಎಂದರು.

ತಾವು ಹೆಂಡತಿಗಾಗಿ ಕಟ್ಟುತ್ತ ಬಂದದ್ದೆಲ್ಲ ಹೆಂಡತಿಯ ತಲೆಯ ಮೇಲೇ ಬೀಳುತ್ತಿತ್ತೆಂಬುದು ಹೆಡ್ ಕ್ಲಾರ್ಕರಿಗೆ ಆಗ ಹೊಳೆಯಿತು. ಕಡತದ ನಿಯಮ ಗಾಳಿಗೆ ಹೋಯಿತು.

"ನಿನ್ನನ್ನ ತೂಗೋಕಲ್ವೇ" ಎಂದರು ತೊದಲುತ್ತ. "ಆ ತರಕಾರಿಯವನು ಆವತ್ತು ಅಂದನಲ್ಲ, ಅದು ಸುಳ್ಳು ಅಂತ ತೋರಿಸೋಕೆ. ನೀನು ಭಾರ ಅಲ್ಲ, ಈ ಹಾಳು ಫ್ರೇಮು ಭಾರವನ್ನೆಲ್ಲ ಹಿಂದಕ್ಕೆ ಹಾಕುತ್ತೆ ಅಂತ ತೋರಿಸೋಕೆ. ನಿನ್ನ ತಟ್ಟೆ ನೋಡಿ ನೋಡಿ ನಂಗೆ ಗಂಟಲಲ್ಲಿ ಇಳೀತಿರಲಿಲ್ಲ. ಸುಮ್ಮನೆ ಹೇಳಿದ್ರೆ ನೀನು ನಂಬ್ತಿರಲಿಲ್ಲ."

ಅತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ಭಾವಮೈದುನ ತೋಳು ಇಳಿಸಿಕೊಂಡ. ಹೆಂಡತಿ ಗಂಡನ ಕಡೆ ತಿರುಗಿ, "ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದರು. ಆಮೇಲೆ, "ಸರಿ, ತೋರಿಸಿ ಮತ್ತೆ" ಎಂದು ಕ್ಯಾರಿಯರ್ ಹತ್ತಿ ಕೂತರು.

ಭಾವಮೈದುನ ಸೈಕಲ್ಲನ್ನು ವಾಲದಂತೆ ಬೆರಳಲ್ಲಿ ಆನಿಸಿ ಹಿಡಿದ. ಹೆಡ್ ಕ್ಲಾರ್ಕರು ಸೀಟಿನ ಮೇಲೆ ನೆಟ್ಟಗೆ ಕೂತರು. ಮೇಷ್ಟ್ರು ಮುಂದಿನ ತಕ್ಕಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಆದರೆ ಬೇರೆಯವರು ನೋಡಿದ ಲೆಕ್ಕಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದವರಲ್ಲ ನಮ್ಮ ಹೆಡ್ ಕ್ಲಾರ್ಕರು. ಹ್ಯಾಂಡಲ್ಲಿನ ಮೇಲೆ ಪೂರಾ ಬಗ್ಗಿ, ಚಕ್ರದ ಕೆಳಗಿನ ಮುಳ್ಳನ್ನು ಖುದ್ದಾಗಿ ನೋಡಿ, ಮತ್ತೆ ನೆಟ್ಟಗೆ ಕೂತು ಘೋಷಿಸಿದರು. "ಇಪ್ಪತ್ತೈದು!"

"ಎಲ್ಲಿದೆ ಇಪ್ಪತ್ತೈದು?" ಎಂದರು ಮೇಷ್ಟ್ರು. "ಒಂಬತ್ತು."

"ಮೇಷ್ಟ್ರೇ, ಕನ್ನಡಕ ಬದಲಾಯಿಸಿ." ಹೆಡ್ ಕ್ಲಾರ್ಕರು ಮತ್ತೆ ಬಗ್ಗಿದರು. "ನೋಡಿ, ನೋಡಿ, ಇಪ್ಪತ್ತೈದು!"

"ಹೌದು, ಇಪ್ಪತ್ತೈದು" ಎಂದು ಮೇಷ್ಟ್ರು ಬೆರಗಾದರು.

"ಹಾಗೆ ಬನ್ನಿ ದಾರಿಗೆ" ಎಂದು ಹೆಡ್ ಕ್ಲಾರ್ಕರು ನೆಟ್ಟಗೆ ಕೂತು ಮೀಸೆ ಸವರಿಕೊಂಡರು.

"ಒಂಬತ್ತು!" ಎಂದು ಹಾಲಿನಾಕೆ ಕಿರುಚಿದರು.

"ಔಷಧ ಅಂಗಡಿಯವರ ತಕ್ಕಡಿ ನಂಬಬೇಡಿ ಅಂತ ನಾನು ಮೊದಲೇ ಹೇಳಿದ್ದೆ" ಎಂದರು ಕಿರಾಣಿ ಯಜಮಾನರು. ಅವರು ಹಾಗೆ ಹೇಳಿರಲಿಲ್ಲ. ಹೆಡ್ ಕ್ಲಾರ್ಕರು ಸಂಶಯದಿಂದ ಮತ್ತೆ ಬಗ್ಗಿದರು, ಇಪ್ಪತ್ತೈದು. ವಿಜಯದಿಂದ ಎದ್ದರು, ಒಂಬತ್ತು. ಜನರೆಲ್ಲ ಮುಳ್ಳಿನ ಸುತ್ತ ಗುಂಪಾದರು. "ಇಪ್ಪತ್ತೈದು! ಒಂಬತ್ತು! ಇಪ್ಪತ್ತೈದು!" ಎಂದು ಅಂಗಳ ಕೂಗತೊಡಗಿತು. "ತಕ್ಕಡಿಗೂ ತಲೆ ಕೆಟ್ಟಿದೆ" ಎಂದರು ಅತ್ತೆ.

ಈ ಗದ್ದಲದಲ್ಲಿ ಮಾತಾಡದೆ ಇದ್ದವರು ಕ್ಯಾರಿಯರ್ ಮೇಲೆ ಕೂತ ಹೆಂಡತಿ ಒಬ್ಬರೇ. ಅವರು ಕೂತಲ್ಲಿಂದ ಕದಲಿರಲಿಲ್ಲ. ಎದುರಿಗೆ ಗಂಡನ ಬೆನ್ನೊಂದೇ ಅವರಿಗೆ ಕಾಣುತ್ತಿದ್ದದ್ದು. ಅದು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದರು.

"ರೀ" ಎಂದರು ಹಿಂದಿನಿಂದ. "ಒಂದ್ಸಲ ಬಗ್ಗಿ."

ಬಗ್ಗಿದರು. "ಇಪ್ಪತ್ತೈದು" ಎಂದಿತು ಜನ.

"ಏಳಿ."

"ಒಂಬತ್ತು."

"ಬಗ್ಗಿ."

"ಇಪ್ಪತ್ತೈದು."

"ನಾನು ಅಲ್ಲಾಡೇ ಇಲ್ಲ ಕಣ್ರೀ" ಎಂದರು ಹೆಂಡತಿ.

ಮೇಷ್ಟ್ರಿಗೆ ಮೊದಲು ಹೊಳೆಯಿತು. ಅವರು ಹಣೆ ಚಚ್ಚಿಕೊಂಡು ನೆಲದ ಮೇಲೇ ಕೂತರು. "ಫ್ರೇಮು ನಿಮ್ಮನ್ನ ಹಿಂದಕ್ಕೆ ಕೂರಿಸಿದ್ದು ನಿಜ ಸಾರ್. ಆದ್ರೆ ಮಿಕ್ಕಿದ್ದು ನಿಮ್ಮ ಗತ್ತು. ನೀವು ಎದೆ ಮುಂದೆ ಮಾಡಿ ಬೆನ್ನು ಹಿಂದಕ್ಕೆ ಎಳೆದಾಗ ಮುಂದಿನ ಚಕ್ರಕ್ಕೆ ಹೊರೋಕೆ ಏನೂ ಉಳಿಯಲ್ಲ!"

ಹೆಡ್ ಕ್ಲಾರ್ಕರು ಹ್ಯಾಂಡಲ್ಲಿನ ಮೇಲೆ ಬಗ್ಗಿದವರು ಬಗ್ಗಿಯೇ ಇದ್ದರು. ಫ್ರೇಮು, ತಕ್ಕಡಿ, ಮೇಷ್ಟ್ರ ಕನ್ನಡಕ, ಎಲ್ಲದರ ಮೇಲೂ ಅನುಮಾನಪಟ್ಟು ಕೊನೆಗೆ ಕಳ್ಳ ತಮ್ಮ ಅಂಗಿಯೊಳಗೇ ಸಿಕ್ಕಿದ್ದ. ಅವರು ತಲೆ ತಿರುಗಿಸಿ ಎಲ್ಲರಿಗೂ ಕೇಳುವಂತೆಯೇ ಹೇಳಿದರು. "ಹಾಗಾದ್ರೆ ಆವತ್ತು ನಿನ್ನನ್ನ ಬೀಳಿಸಿದ್ದು ನಾನೇ ಕಣೇ."

ಹೆಂಡತಿಯ ಮುಖ ಮೊದಲು ಅಳುವಂತಾಯಿತು. ಆಮೇಲೆ ಹೊಟ್ಟೆಯೊಳಗಿಂದ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಗುವಿನ ಕುಲುಕಾಟಕ್ಕೆ ಎರಡೂ ತಕ್ಕಡಿಯ ಮುಳ್ಳುಗಳು ಹುಚ್ಚೆದ್ದು ಕುಣಿದವು. ಅತ್ತೆಯೂ ನಕ್ಕರು, ಆದರೆ ಅಳಿಯನಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ನಕ್ಕರು.

ಹಳೆಯ ಸೈಕಲ್ ಅಷ್ಟರಲ್ಲಿ ಯಾರದೋ ಪಾಲಾಗಿತ್ತು. ಸೈಕಲ್ ಅಂಗಡಿಯವನು ತಗ್ಗಿನ ಹ್ಯಾಂಡಲ್ಲು ತರಿಸಿಕೊಡಲು ಸಮಯ ಕೇಳಿದ. ಹೀಗಾಗಿ ಸೋಮವಾರ ಬೆಳಗ್ಗೆ ಅದೇ ಕುರ್ಚಿ ಸೈಕಲ್ಲಿನಲ್ಲೇ ಹೊರಡಬೇಕಾಯಿತು. ಹೆಂಡತಿ ಕ್ಯಾರಿಯರ್ ಹತ್ತಿದರು. ಬೀದಿಯವರು ಹೊಸ್ತಿಲಿಗೆ ಬಂದು ನಿಂತರು. ಸೇತುವೆಯ ಬುಡಕ್ಕೆ ಬಂದಾಗ ಹೆಡ್ ಕ್ಲಾರ್ಕರು ಸೀಟಿನ ಮೂತಿಗೆ ಸರಿದು, ಎದೆಯನ್ನು ಹ್ಯಾಂಡಲ್ಲಿಗೆ ಆನಿಸಿ, ಗಲ್ಲವನ್ನು ಬೆಲ್ಲಿನ ಮೇಲಿಟ್ಟು ತುಳಿಯತೊಡಗಿದರು. ಆ ಭಂಗಿಯಲ್ಲಿ ಅವರು ಹೆಡ್ ಕ್ಲಾರ್ಕರ ಹಾಗೆ ಕಾಣುತ್ತಿರಲಿಲ್ಲ. ಕಳೆದುಹೋದ ಕಾಸು ಹುಡುಕುವವರ ಹಾಗೆ ಕಾಣುತ್ತಿದ್ದರು. ತರಕಾರಿಯವನು ಏನೋ ಹೇಳಲು ಬಾಯಿ ತೆರೆದ. ಮುಂದಿನ ಚಕ್ರ ನೆಲ ಬಿಡದೆ ಇದ್ದದ್ದನ್ನು ನೋಡಿ ಬಾಯಿ ಮುಚ್ಚಿಕೊಂಡ.

ಏರಿನ ಮಧ್ಯದಲ್ಲಿ ಸಾಹೇಬರ ಕಾರು ಎದುರಾಯಿತು. ಸಾಹೇಬರು ಗಾಜು ಇಳಿಸಿ ನೋಡಿದರು. ನಮಸ್ಕಾರ ಮಾಡಬೇಕಾದರೆ ಹೆಡ್ ಕ್ಲಾರ್ಕರು ತಲೆ ಎತ್ತಬೇಕು, ಕೈ ಬಿಡಬೇಕು, ಬೆನ್ನು ನೆಟ್ಟಗೆ ಮಾಡಬೇಕು.

"ರೀ, ನಿಮ್ಮ ಸಾಹೇಬ್ರು ನೋಡ್ತಿದ್ದಾರೆ" ಎಂದರು ಹೆಂಡತಿ.

"ನೋಡ್ಲಿ ಬಿಡೇ" ಎಂದರು ಹೆಡ್ ಕ್ಲಾರ್ಕರು, ಗಲ್ಲ ಎತ್ತದೆ.

ಸೈಕಲ್ಲು ಸೇತುವೆ ದಾಟಿತು. ಹೊಲಿಗೆ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹೆಂಡತಿ ಕೆಳಗಿಳಿದು, ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಮಧ್ಯಾಹ್ನದ ಡಬ್ಬಿ ತೆಗೆದರು.

"ಈಗಲೇ ಊಟನಾ?" ಎಂದರು ಹೆಡ್ ಕ್ಲಾರ್ಕರು ಏದುಸಿರು ಬಿಡುತ್ತ.

"ಹಸಿವು ರೀ. ತಡ್ಕೊಳ್ಳೋಕಾಗ್ತಿಲ್ಲ."

ಆಕೆ ಉಂಡರು. ಹೋಗುವವರು ಬರುವವರು ನೋಡಿದರೂ ಲೆಕ್ಕಿಸದೆ, ಡಬ್ಬಿಯ ಮೂಲೆ ಮೂಲೆ ಬಳಿದು ಉಂಡರು. ಹೆಡ್ ಕ್ಲಾರ್ಕರು ಕಚೇರಿಗೆ ತಡವಾಗುತ್ತಿದೆ ಎಂಬುದನ್ನು ಮರೆತು, ಒಂದು ಕಾಲು ನೆಲಕ್ಕೂರಿ ನೋಡುತ್ತ ನಿಂತರು. ಡಬ್ಬಿ ಖಾಲಿಯಾಯಿತು. ಹೆಂಡತಿ ಮುಚ್ಚಳ ಹಾಕಿ, ಒಂದು ಕ್ಷಣ ಯೋಚಿಸಿ, ಗಂಡನ ಕಡೆ ಕೈ ಚಾಚಿದರು.

"ನಿಮ್ಮ ಡಬ್ಬೀನೂ ಕೊಡಿ."

ಹೆಡ್ ಕ್ಲಾರ್ಕರು ಕೊಟ್ಟರು.